ಕಳಚುವ ಕೋಣೆ

"ಗೌನು ತೆಗೆಯೋರು ಮೊದಲು ಕೈ ತೊಳ್ಕೋಬೇಕು," ಎಂದು ದೊಡ್ಡ ಸಿಸ್ಟರ್ ಗೋಡೆಗೆ ಹೇಳಿದಳು.

ಗೋಡೆ ಸುಮ್ಮನಿತ್ತು. ಗೌನು, ಮಾಸ್ಕು, ಒಂದರ ಮೇಲೊಂದು ಎರಡು ಜೊತೆ ಕೈಗವಸು, ಕಣ್ಣಿಗೆ ದಪ್ಪ ಕನ್ನಡಕ ಹಾಕಿಕೊಂಡು ಬೆವರುತ್ತ ನಿಂತಿದ್ದ ಚಿಕ್ಕ ಸಿಸ್ಟರ್, ಯಾರೋ ಯಾರಿಗೋ ಹೇಳಿದರು ಎನ್ನುವಂತೆ ಬಕೆಟ್ಟಿನ ಹತ್ತಿರ ಹೋಗಿ ಕೈ ಅದ್ದಿದಳು. ಸುತ್ತ ನಿಂತಿದ್ದ ನರ್ಸುಗಳು ನಗು ತಡೆದುಕೊಂಡರು. ಇವರಿಬ್ಬರೂ ಒಂದೇ ಮನೆಯ ಸೊಸೆಯರು. ದೊಡ್ಡವಳು ಅಣ್ಣನ ಹೆಂಡತಿ, ಚಿಕ್ಕವಳು ತಮ್ಮನ ಹೆಂಡತಿ. ಒಬ್ಬಳದು ಮಹಡಿ, ಇನ್ನೊಬ್ಬಳದು ಕೆಳಗಿನ ಮನೆ, ಕೆಲಸ ಒಂದೇ ಆಸ್ಪತ್ರೆಯಲ್ಲಿ. ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಹೇಳಲೇಬೇಕಾದದ್ದು ಬಂದರೆ ಗೋಡೆಗೆ, ಕಿಟಕಿಗೆ, ಇಲ್ಲವೇ ನಡುವೆ ಸಿಕ್ಕಿಬಿದ್ದ ಯಾವ ಬಡಪಾಯಿಗಾದರೂ ಹೇಳುತ್ತಿದ್ದರು.

ಪಕ್ಕದ ಊರಿನಲ್ಲಿ ಜ್ವರ ಕಾಣಿಸಿಕೊಂಡಿತ್ತು. ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಉಳಿಯುತ್ತಿರಲಿಲ್ಲ. ಅಲ್ಲಿನ ಆಸ್ಪತ್ರೆಯ ನರ್ಸುಗಳೂ ಸತ್ತಿದ್ದರು. ನಮ್ಮ ಆಸ್ಪತ್ರೆ ಸರ್ವಸನ್ನದ್ಧವಾಗಿದೆ ಎಂದು ದೊಡ್ಡ ಸಾಹೇಬರು ಪತ್ರಿಕೆಯವರನ್ನು ಕರೆಸಿ ಹೇಳಿ, ಫೋಟೋ ತೆಗೆಸಿಕೊಂಡು, ಸಾಬೂನಿನಲ್ಲಿ ಎರಡು ಸಲ ಕೈ ತೊಳೆದು ಹೋಗಿಯಾಗಿತ್ತು. ಸರ್ವಸನ್ನದ್ಧವೆಂದರೆ ಬಟ್ಟೆ ಉಗ್ರಾಣ ಖಾಲಿ ಮಾಡಿಸಿ ಅಲ್ಲಿ ಮಂಚ ಹಾಕಿಸಿದ್ದರು. ಬಾಗಿಲಿಗೆ ಹೊಸ ಬಣ್ಣ ಬಂದಿತ್ತು, ಕೊಳಾಯಿಗೆ ನೀರು ಬಂದಿರಲಿಲ್ಲ, ಅದಕ್ಕೇ ಬಕೆಟ್ಟು. ಗೌನುಗಳು ಆನೆಗೆ ಅಳತೆ ತೆಗೆದು ಹೊಲಿದಂತಿದ್ದವು. ಪಕ್ಕದ ಇಸ್ತ್ರಿ ಕೋಣೆ ಈಗ ಕಳಚುವ ಕೋಣೆಯಾಗಿ, ಅದರ ನೆಲಕ್ಕೆ ಅಡ್ಡಲಾಗಿ ಒಂದು ಕೆಂಪು ಟೇಪು ಅಂಟಿಸಿದ್ದರು.

ತರಬೇತಿ ಕೊಡಲು ಬಂದ ಡಾಕ್ಟರ್ ಮೊದಲ ದಿನವೇ ಬಿಡಿಸಿ ಹೇಳಿದ್ದರು. ನರ್ಸುಗಳಿಗೆ ಈ ಜ್ವರ ಹೆಚ್ಚಾಗಿ ಅಂಟುವುದು ರೋಗಿಯ ಹಾಸಿಗೆಯ ಪಕ್ಕದಲ್ಲಲ್ಲ, ಹೊರಗೆ ಬಂದು ಗೌನು ಕಳಚುವಾಗ. ಮೈ ದಣಿದಿರುತ್ತದೆ, ಮೂಗು ಕಡಿಯುತ್ತದೆ, ಕೈ ತನ್ನಷ್ಟಕ್ಕೆ ಮುಖಕ್ಕೆ ಹೋಗುತ್ತದೆ. ಆದ್ದರಿಂದ ಕಳಚುವವಳಿಗೆ ಒಬ್ಬಳು ಜೋಡಿ. ಅವಳು ಟೇಪಿನ ಈಚೆ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು, ಒಂದೊಂದೇ ಹೆಜ್ಜೆ ಹೇಳಬೇಕು, ತಪ್ಪಿದರೆ ಕೂಗಿ ನಿಲ್ಲಿಸಬೇಕು. ಮುಟ್ಟುವ ಹಾಗಿಲ್ಲ, ನಾಲಿಗೆಯೊಂದೇ ಆಧಾರ. ಮೇಟ್ರನ್ ಬರೆದ ಜೋಡಿಗಳಲ್ಲಿ ಈ ಎಣ್ಣೆ-ಸೀಗೆಕಾಯಿಯೂ ಒಂದು. ಬದಲಾಯಿಸಿ ಎಂದು ಚಿಕ್ಕ ಸಿಸ್ಟರ್ ಬೇಡಿಕೊಂಡಾಗ ಮೇಟ್ರನ್ ಸಿಡುಕಿದ್ದಳು. "ಬೇರೆ ಯಾರಿದ್ದಾರಮ್ಮ? ಅರ್ಧ ಜನ ರಜೆ ಹಾಕಿ ಊರು ಬಿಟ್ಟಿದ್ದಾರೆ. ಮನೆ ಜಗಳ ಮನೇಲಿ ಇಟ್ಕೊಳ್ಳಿ."

ಇವತ್ತಿನ ಅಭ್ಯಾಸದಲ್ಲಿ ಕೈಯೇನೋ ತೊಳೆದಾಯಿತು. ಹೊರಗಿನ ಕೈಗವಸು ತೆಗೆಯುವ ಮೊದಲೇ ಚಿಕ್ಕ ಸಿಸ್ಟರಿನ ಕತ್ತು ನವೆಯಾಗಿ ಕೈ ಮೇಲಕ್ಕೆ ಹೊರಟಿತು. ದೊಡ್ಡ ಸಿಸ್ಟರ್ ಅದನ್ನು ಕಂಡಳು. ಕಂಡವಳು ಮೇಟ್ರನ್ ಕಡೆ ತಿರುಗಿ, "ಕೈ ಮೇಲೆ ಹೋಗ್ತಿದೆ, ಕತ್ತು ಮುಟ್ಟಬಾರದು ಅಂತ ಯಾರಾದರೂ ಹೇಳಿ," ಎಂದಳು. ಮಾತು ಈ ಸುತ್ತುದಾರಿ ಹಿಡಿದು ಬರುವಷ್ಟರಲ್ಲಿ ಕೈ ಹೋಗಿ ಕೆರೆದುಕೊಂಡು ವಾಪಸು ಬಂದಿತ್ತು.

ಎಲ್ಲ ಕಳಚಿದ ಮೇಲೆ ಡಾಕ್ಟರ್ ದೀಪ ಆರಿಸಿ ನೀಲಿ ಬ್ಯಾಟರಿ ಹಿಡಿದರು. ಗೌನಿಗೂ ಗವಸಿಗೂ ಅವರು ಮೊದಲೇ ಬಳಿದಿದ್ದ, ಬರಿಗಣ್ಣಿಗೆ ಕಾಣದ, ನೀರಿಗೆ ಪೂರ್ತಿ ಹೋಗದ ಮುಲಾಮು ಚಿಕ್ಕ ಸಿಸ್ಟರಿನ ಕತ್ತಿನ ಮೇಲೆ ನಾಲ್ಕು ಬೆರಳಿನ ಗೆರೆಯಾಗಿ ಹೊಳೆಯಿತು.

"ಸಿಸ್ಟರ್, ನೀವು ಸತ್ತುಹೋದ್ರಿ," ಎಂದರು ಡಾಕ್ಟರ್. ಆಮೇಲೆ ದೊಡ್ಡ ಸಿಸ್ಟರಿನ ಕಡೆ ತಿರುಗಿ, "ಇವರನ್ನ ಕೊಂದಿದ್ದು ನೀವು," ಎಂದರು.

ಕೋಣೆಯಲ್ಲಿ ಈ ಸಲ ಯಾರಿಗೂ ನಗು ಬರಲಿಲ್ಲ. ಪಾಪ, ಹೊರಗಿನಿಂದ ಬಂದ ಡಾಕ್ಟರಿಗೆ ಗೊತ್ತಿರಲಿಲ್ಲ, ಉಳಿದವರಿಗೆಲ್ಲ ಗೊತ್ತಿತ್ತು. ಅತ್ತೆ ತೀರಿಕೊಂಡ ದಿನ ಮನೆಯಲ್ಲಿದ್ದವಳು ಚಿಕ್ಕ ಸಿಸ್ಟರ್. ಅತ್ತೆ ಬೆನ್ನು ನೋವು, ಬೆವರು ಎಂದಾಗ ಅಜೀರ್ಣವಿರಬೇಕೆಂದು ಮಾತ್ರೆ ಕೊಟ್ಟು ಮಲಗಿಸಿದ್ದಳು. ಅದು ಹೃದಯಾಘಾತ. ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದ ದೊಡ್ಡ ಸಿಸ್ಟರ್ ಆಸ್ಪತ್ರೆಗೆ ಎತ್ತಿಕೊಂಡು ಓಡಿದಳು, ದಾರಿಯಲ್ಲೇ ಎಲ್ಲ ಮುಗಿಯಿತು. ಹೆಣದ ಮುಂದೆ, ನೆಂಟರಿಷ್ಟರ ಎದುರಿಗೆ, "ನರ್ಸ್ ಅಂತೆ ನರ್ಸು! ಅತ್ತೇನ ಕೊಂದಿದ್ದು ಇವಳೇ," ಎಂದಿದ್ದಳು. ಅದೇ ಕೊನೆಯ ಮಾತು.

ಆ ವಾರವೇ ನಿಜವಾದ ರೋಗಿ ಬಂದ. ಲಾರಿ ಡ್ರೈವರ್, ಗಟ್ಟಿ ಆಳು, ಕಣ್ಣು ಕೆಂಡದಂತಾಗಿತ್ತು. ಮೊದಲ ಪಾಳಿಗೆ ಚಿಕ್ಕ ಸಿಸ್ಟರ್ ಒಳಗೆ ಹೋದಳು. ಅವನಿಗೆ ಡ್ರಿಪ್ ಹಾಕಿದಳು, ಹಾಸಿಗೆ ಬಟ್ಟೆ ಬದಲಾಯಿಸಿದಳು. ಅವನು ಅವಳ ತೋಳು ಹಿಡಿದುಕೊಂಡು "ಬಿಟ್ಟು ಹೋಗ್ಬೇಡಮ್ಮ" ಎಂದು ಗೋಗರೆದ, ಹಾಗೆನ್ನುತ್ತಲೇ ಅವಳ ಎದೆಯ ಮೇಲೆ ವಾಂತಿ ಮಾಡಿಕೊಂಡ. ಅದರಲ್ಲಿ ರಕ್ತವಿತ್ತು. ಪಾಳಿ ಮುಗಿಸಿ ಅವಳು ಕಳಚುವ ಕೋಣೆಗೆ ಬಂದಳು. ಎದುರಿಗೆ, ಟೇಪಿನ ಆಚೆ, ದೊಡ್ಡ ಸಿಸ್ಟರ್ ಕೈ ಕಟ್ಟಿಕೊಂಡು ನಿಂತಿದ್ದಳು, ಪಕ್ಕದಲ್ಲಿ ಮೇಟ್ರನ್. ಇವಳ ಕಣ್ಣಿನ ಮೇಲೆ ನನ್ನ ಜೀವ ಬಿಟ್ಟಿದ್ದಾರಲ್ಲ ಎಂದುಕೊಂಡಳು ಚಿಕ್ಕ ಸಿಸ್ಟರ್. ಮಗಳು ನೆನಪಾದಳು. ಈ ಹೊತ್ತಿಗೆ ಅವಳು ಸ್ಕೂಲಿನಿಂದ ಬಂದು ಮಹಡಿಯಲ್ಲಿ ದೊಡ್ಡಮ್ಮನ ಮನೆಯಲ್ಲೇ ಇರುತ್ತಾಳೆ. ಮಕ್ಕಳಿಗೆ ಯಾರೂ ಮಾತು ಬಿಡಿಸಿರಲಿಲ್ಲ.

"ಕೈ ತೊಳ್ಕೋಬೇಕು," ಎಂದಳು ದೊಡ್ಡ ಸಿಸ್ಟರ್, ಗೋಡೆಗೆ.

ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಬಿತ್ತು. ಬೆಂಕಿ ಬಿದ್ದಂತೆ ಉರಿಯಿತು. ಕೈ ತಾನಾಗಿ ಕನ್ನಡಕದ ಕಡೆ ಎದ್ದಿತು.

"ಏಯ್! ಇಳಿಸೇ ಕೈನ! ಇಳಿಸು ಅಂದ್ನಲ್ಲ!"

ಕೈ ಗೇಣು ದೂರದಲ್ಲಿ ನಿಂತಿತು. ಆ ದನಿ ಗೋಡೆಗೆ ಹೇಳಿದ್ದಾಗಿರಲಿಲ್ಲ.

"ಕಣ್ಣು ಉರೀತಿದೆ!"

"ಉರೀಲಿ. ಕಣ್ಣುರಿಗೆ ಯಾರೂ ಸಾಯಲ್ಲ. ಅದ್ದು ಬಕೆಟ್ಟಿಗೆ. ಬೆರಳ ಸಂದೀಲಿ ತಿಕ್ಕು. ಮನೇಲಿ ಪಾತ್ರೆ ತಿಕ್ಕಿದ ಹಾಗಲ್ಲ."

"ನಾನು ತಿಕ್ಕಿದ ಪಾತ್ರೇಲೇ ನೀವೂ ಉಂಡಿರೋದು."

"ಉಂಡೇ ಹೇಳ್ತಿರೋದು. ಈಗ ಹೊರಗಿನ ಗವಸು. ಅಂಚು ಹಿಡಿ. ಮಗುಚಿ ತೆಗಿ. ನಿಧಾನ! ಯಾವಾಗ್ಲೂ ಅವಸರ ನಿಂಗೆ. ಅವತ್ತೂ ಅವಸರ. ಕೈ ಹಿಡಿದು ನಾಡಿ ನೋಡೋಕೆ ಪುರುಸೊತ್ತಿರ್ಲಿಲ್ಲ, ಮಾತ್ರೆ ನುಂಗಿಸಿ ಮಲಗಿಸಿಬಿಟ್ಟೆ. ಡಬ್ಬಿಗೆ ಹಾಕು ಅದನ್ನ. ಮತ್ತೆ ಕೈ ತೊಳಿ."

ಮೇಟ್ರನ್ ಬಾಯಿ ತೆರೆದಳು, ಮುಚ್ಚಿದಳು. ಚಿಕ್ಕ ಸಿಸ್ಟರ್ ಹೇಳಿದ ಹಾಗೆ ಕೈ ತೊಳೆದಳು. ಆಮೇಲೆ ಮಾಸ್ಕಿನೊಳಗಿಂದಲೇ ಸಿಡಿದಳು.

"ಅವತ್ತು ಬೆಳಿಗ್ಗೆ ನೀವು ಚಪ್ಪಲಿ ಹಾಕ್ಕೋತಿದ್ರಿ. ಬೆನ್ನು ಹಿಡ್ಕೊಂಡಿದೆ ಅಂತ ಅತ್ತೆ ನಿಮಗೂ ಹೇಳಿದ್ರು. ಕೇಳಿಸ್ಕೊಂಡು ಹೋದ್ರಿ. ನಾನೂ ಅಲ್ಲೇ ಇದ್ದೆ."

ದೊಡ್ಡ ಸಿಸ್ಟರ್ ಕಟ್ಟಿದ್ದ ಕೈ ಬಿಟ್ಟಳು.

ಇನ್ನು ಗೌನು. ವಾಂತಿ, ರಕ್ತ ಎಲ್ಲ ಅದರ ಮೇಲೇ. ಒಂದು ಮಡಿಕೆ ತಪ್ಪಿದರೆ ಒಳಗಿನ ಬಟ್ಟೆಗೆ, ಅಲ್ಲಿಂದ ಮೈಗೆ. ಚಿಕ್ಕ ಸಿಸ್ಟರ್ ಎರಡೂ ಕೈ ದೂರ ಹಿಡಿದು ಹಾಗೇ ನಿಂತಳು. ಆಚೆಯಿಂದ ಮಾತು ಬರಲಿಲ್ಲ. ಮೇಟ್ರನ್ ತಾನೇ ಹೇಳಲು ಮುಂದೆ ಬಂದಳು. ಚಿಕ್ಕ ಸಿಸ್ಟರ್ ಅವಳತ್ತ ನೋಡಲಿಲ್ಲ.

"ಮುಂದೇನು?" ಎಂದಳು. "ಅಕ್ಕಾ, ಮುಂದೇನು ಹೇಳಿ!"

"ಹಿಂದೆ ಕೈ ಹಾಕಿ ಗಂಟು ಬಿಚ್ಚು," ಎಂದಳು ದೊಡ್ಡ ಸಿಸ್ಟರ್. "ಭುಜದ ಹತ್ತಿರ ಒಳಗಡೆಯಿಂದ ಹಿಡಿ. ಮೈಯಿಂದ ದೂರ. ಹೊರಮೈ ಒಳಗೆ ಹೋಗೋ ಹಾಗೆ ಸುತ್ತು. ಹಾಂ." ಗೌನು ಡಬ್ಬಿಗೆ ಬೀಳುವವರೆಗೂ ಅವಳು ರೆಪ್ಪೆ ಬಡಿಯಲಿಲ್ಲ. "ಕೇಳಿಸಿತ್ತು ನಂಗೆ," ಎಂದಳು ಆಮೇಲೆ. "ಈಗ ಬಾಯ್ಮುಚ್ಚು. ಬಗ್ಗು, ಕಣ್ಣು ಮುಚ್ಚು, ಕನ್ನಡಕದ ಪಟ್ಟಿ ಹಿಂದಿನಿಂದ ತೆಗಿ."

ಮಾಸ್ಕೂ ಒಳಗಿನ ಗವಸೂ ಹೋಗಿ, ಕೊನೆಯ ಸಲ ಕೈ ತೊಳೆದು, ಟೇಪು ದಾಟಿ ಈಚೆ ಬಂದಾಗ ಚಿಕ್ಕ ಸಿಸ್ಟರಿನ ಮುಖದ ತುಂಬ ಪಟ್ಟಿಗಳ ಗುರುತು ಬರೆಯೆಳೆದಂತಿತ್ತು. ಓರಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಇದೇನು ಬೀದಿ ನಲ್ಲಿ ಅಂದ್ಕೊಂಡ್ರಾ?" ಮೇಟ್ರನ್‌ಗೆ ಈಗ ಬಾಯಿ ಬಂತು. "ನಾಳೆಯಿಂದ ನಿಮ್ಮಿಬ್ಬರ ಜೋಡಿ ಬಿಡಿಸ್ತೀನಿ. ನಾನೇ ನಿಂತ್ಕೋತೀನಿ ಬೇಕಾದ್ರೆ."

"ಬೇಡ ಮೇಡಂ," ಎಂದಳು ಚಿಕ್ಕ ಸಿಸ್ಟರ್. "ನನಗೆ ಇವರೇ ಇರಲಿ. ಮೊಸರಲ್ಲಿ ಕಲ್ಲು ಹುಡುಕೋ ಕಣ್ಣು ಇವರದು. ನೀವಾದ್ರೆ ಪಾಪ ಅಂತ ಒಂದು ತಪ್ಪು ಬಿಟ್ಟುಬಿಡ್ತೀರಿ."

ಮುಂದಿನ ಪಾಳಿ ದೊಡ್ಡ ಸಿಸ್ಟರಿನದು. ವಾರ್ಡಿನ ಬಾಗಿಲ ಬಳಿ ಅವಳು ಹೊಸ ಗೌನಿನಲ್ಲಿ ತೋಳು ತೂರಿಸಿ ಬೆನ್ನು ತಿರುಗಿಸಿ ನಿಂತಳು. ಹಿಂದಿನ ದಾರ ತಾನೇ ಕಟ್ಟಿಕೊಳ್ಳಲು ಬರುವುದಿಲ್ಲ. ಚಿಕ್ಕ ಸಿಸ್ಟರ್ ನೀರು ಕುಡಿದ ಲೋಟ ಕೆಳಗಿಟ್ಟು ಬಂದಳು. ಕತ್ತಿನ ಹತ್ತಿರ ಒಂದು ಗಂಟು ಹಾಕಿದಳು. ಸೊಂಟದ ದಾರವನ್ನು ಅವಳು ಎಳೆದ ರಭಸಕ್ಕೆ ದೊಡ್ಡ ಸಿಸ್ಟರ್ ಒಂದು ಹೆಜ್ಜೆ ಹಿಂದಕ್ಕೆ ಬಂದಳು. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಹಾಗೆ ಗಂಟು ಹಾಕಿ, ಚಿಕ್ಕ ಸಿಸ್ಟರ್ ದಾರದ ತುದಿಯನ್ನು ಅವಳ ಕೈಗೆ ಸಿಗುವಷ್ಟು ಉದ್ದಕ್ಕೆ ಬಿಟ್ಟಳು.