ಗಾಜಿನ ತಟ್ಟೆಯಲ್ಲಿ ಸತ್ತದ್ದು

ಸಂಗಮ್ಮ ಲಿಂಗಸುಗೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ೧೯೯೬ರ ಬೇಸಿಗೆಯಲ್ಲಿ, ಯಾವ ಸೂಜಿಮದ್ದಿಗೂ ಬಗ್ಗದ ಗಾಯವೊಂದರ ಕೀವು ತರಿಸಿಕೊಂಡು, ಅದರೊಳಗಿನ ಬ್ಯಾಕ್ಟೀರಿಯಾಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದಳು. ಪೇಟೆಯ ಔಷಧಿಗಳಲ್ಲಿ ಅದ್ದಿದ ಕಾಗದದ ಚೂರುಗಳ ಅಂಚಿನವರೆಗೂ ಅವು ಲಜ್ಜೆಗೆಟ್ಟು ಹಬ್ಬಿದವು. ನಿಂಬೆಹುಲ್ಲಿನ ಎಣ್ಣೆ ಹಚ್ಚಿದ ಚೂರಿನ ಸುತ್ತ ಮಾತ್ರ ಒಂದೂ ಬೆಳೆಯಲಿಲ್ಲ.

ಎಣ್ಣೆ ಕೊಟ್ಟವನು ಮಸ್ಕಿಯ ವ್ಯಾಪಾರಿ ದೊಡ್ಡಬಸಪ್ಪ. ಪಾಮನಕಲ್ಲೂರಿನ ತನ್ನ ಹೊಲದಲ್ಲಿ ಆ ಹುಲ್ಲು ಬೆಳೆದು, ಎಣ್ಣೆ ಬಟ್ಟಿ ಇಳಿಸಿ ಸಾಬೂನು ಮಾಡುವವರಿಗೆ ಮಾರುತ್ತಿದ್ದ. ತಟ್ಟೆ ನೋಡಲು ತಾನೇ ಬಂದ.

"ಅಂದ್ರ ನಮ್ಮೆಣ್ಣಿ ಸೂಜಿಗಿಂತ ಜೋರೈತಿ ಅನ್ರಿ!"

"ಗಾಜಿನಾಗ ಅಷ್ಟ," ಎಂದಳು ಸಂಗಮ್ಮ. "ಮನಷಾನ ಗಾಯಕ್ಕ ಎಷ್ಟು ಹಚ್ಚಬೇಕು, ಹಚ್ಚಿದ್ರ ಏನಾಗತೈತಿ, ಯಾರಿಗೂ ಗೊತ್ತಿಲ್ಲ. ಅದನ್ನ ತಿಳಕೊಳ್ಳಾಕ ಇನ್ನೂ ವರ್ಷಗಟ್ಟಲೆ ಬೇಕು."

ಅವನು ತಲೆಯಾಡಿಸಿ ಹೋದ.

ಮಳೆಗಾಲ ಮುಗಿಯುವ ಹೊತ್ತಿಗೆ ಗೊರೇಬಾಳದಿಂದ ಮಾರೆಮ್ಮ ಎಂಬ ಹೆಂಗಸು ಕಾಲೇಜಿಗೆ ಬಂದಳು. ಸೆರಗಿನಲ್ಲಿ ಸುತ್ತಿದ್ದ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದಳು. ಅದರ ಮೇಲೆ ಅಚ್ಚಾಗಿತ್ತು: ‘ಸೂಜಿಗೆ ಬಗ್ಗದ ಕೀವಿಗೆ. ಪ್ರೊಫೆಸರ್ ಸಂಗಮ್ಮ ಅವರು ಪರೀಕ್ಷಿಸಿದ್ದು.’

"ಈ ಹೆಸರು ನಿಮ್ದೇನ್ರೀ?"

ಅವಳ ಗಂಡ ತಾಯಪ್ಪ ಭತ್ತದ ಗದ್ದೆಯಲ್ಲಿ ನೀರು ತಿರುಗಿಸುವಾಗ ಸಲಿಕೆ ಕಾಲಿಗೆ ತಗುಲಿತ್ತು. ಊರೂರು ತಿರುಗುವ ನಕಲಿ ಡಾಕ್ಟರನೊಬ್ಬ, ನೆಗಡಿಗೂ ಜ್ವರಕ್ಕೂ ಚುಚ್ಚುವ ಅದೇ ಸೂಜಿಯನ್ನು ಚುಚ್ಚಿದ್ದ. ಗಾಯ ಕೀವಾಯಿತು. ಆಗ ದೊಡ್ಡಬಸಪ್ಪನ ಅಂಗಡಿಯಿಂದ ಈ ಎಣ್ಣೆ ತಂದಿದ್ದರು.

"ದವಾಖಾನಿಗೆ ಹೊಂಟಿದ್ವಿರೀ. ಓದಿದವ್ರ ಹೆಸರೈತಿ, ಸುಳ್ಳಿರಂಗಿಲ್ಲ ಅಂತ ಇದನ್ನ ಸುರುವಿದ್ವಿ. ಚರ್ಮ ಸುಟ್ಟಂಗಾತು. ಅದು ಹುಳ ಸಾಯಾಕತ್ತಿದ್ದು, ತಡಕೋರಿ ಅಂದ ದೊಡ್ಡಬಸಪ್ಪ. ಸಿಂಧನೂರಿಗೆ ಒಯ್ಯೋದ್ರಾಗ ಪಾದ ಕರ್ರಗಾಗಿತ್ತು. ತಗದುಬಿಟ್ರು."

ಸಂಗಮ್ಮನ ಮೈ ಉರಿಯಿತು. ಆ ಬಾಟಲಿ ಹಿಡಿದು ಪ್ರಾಂಶುಪಾಲರ ಕೋಣೆಗೆ ಹೋಗಿ, ದೂರು ಕೊಡಬೇಕು ಎಂದಳು. "ಕಾಲೇಜಿನ ಹೆಸರು ಬೀದಿಗೆ ತರಬೇಡಿ," ಎಂದರು ಅವರು.

"ಒಬ್ಬನ ಕಾಲು ಹೋಗ್ಯಾದ ಸರ್, ನೀವು ಹೆಸರು ಅನ್ನಾಕತ್ತೀರಿ!"

ಮಾರೆಮ್ಮನನ್ನೂ ಕರೆದುಕೊಂಡು ಮಸ್ಕಿಯ ಬಸ್ ಹತ್ತಿದಳು. ಅಂದು ಸಂತೆ. ದೊಡ್ಡಬಸಪ್ಪನ ಅಂಗಡಿ ಮುಂದೆ ಮಂದಿ ಮುಗಿಬಿದ್ದಿದ್ದರು.

"ಬರ್ರಿ ಮೇಡಂ, ಕುಂದರ್ರಿ. ಚಾ ತರಸ್ತೀನಿ," ಎಂದ ಅವನು.

"ನನ್ನ ಹೆಸರು ಯಾರನ್ನ ಕೇಳಿ ಹಾಕಿದಿ?"

ಅವನ ನಗು ಮಾಸಲಿಲ್ಲ. "ನಿಮ್ಮ ತಟ್ಯಾಗ ಅವು ಸತ್ತಿದ್ದು ಸುಳ್ಳೇನ್ರೀ?"

"ಸತ್ತಿದ್ದು ಖರೆ! ತಟ್ಟಿಗೆ ನೆತ್ತರಿಲ್ಲ, ಎಲುಬಿಲ್ಲ, ಹೆಂಡ್ತಿ ಇಲ್ಲ. ಇದು ಗಾಯಕ್ಕ ಅಲ್ಲ ಅಂತ ನಿನಗ ಹೇಳಿದ್ದೆ. ಅರ್ಧ ಮಾತು ಮಾರಾಕ ಇಟ್ಟಿ, ಅರ್ಧ ನುಂಗಿದಿ!"

"ಸೂಜಿ ಚುಚ್ಚಿ ಚುಚ್ಚಿ ಔಷಧ ನಾಟಲಾರದಂಗ ಮಾಡಿದವ್ರನ್ನ ಕೇಳ್ರಿ, ನನ್ನನ್ಯಾಕ?"

"ಅವರನ್ನೂ ಕೇಳ್ತೀನಿ. ಮೊದಲ ನಿನ್ನ."

 ಮಂದಿಯಲ್ಲೊಬ್ಬ ಇದನ್ನೆಲ್ಲ ಕೇಳಿಯೂ ಬಾಟಲಿ ಕೊಂಡು ಹೋಗಿಯೇ ಬಿಟ್ಟ.  ಓದಿದವಳ ಹೆಸರನ್ನು ನಂಬಿದ ಇದೇ ಜನ ಅವಳ ಬಾಯಿಮಾತನ್ನು ನಂಬುತ್ತಿರಲಿಲ್ಲ.

ಆಕೆ ಔಷಧ ತನಿಖಾಧಿಕಾರಿಗೆ ದೂರು ಕೊಟ್ಟಳು. ಅಧಿಕಾರಿ ಬಂದು ಬಾಟಲಿಗಳನ್ನು ಒಯ್ದ. ತಿಂಗಳೊಳಗೆ ಬೇರೆ ಚೀಟಿ ಅಂಟಿಸಿಕೊಂಡು ಅದೇ ಎಣ್ಣೆ ಮತ್ತೆ ಕಪಾಟಿಗೆ ಬಂತು. ಸಂಗಮ್ಮನ ಹೆಸರಿರಲಿಲ್ಲ, ಅಷ್ಟೇ.

ಸುದ್ದಿ ತಿಳಿದ ಮಾರೆಮ್ಮ ಮುಂದಿನ ಸಂತೆಗೆ ಗಂಡನನ್ನು ಬಂಡಿಯಲ್ಲಿ ಕರೆತಂದಳು. ದೊಡ್ಡಬಸಪ್ಪನ ಅಂಗಡಿಯ ಮೆಟ್ಟಿಲ ಮೇಲೆ ತಾಯಪ್ಪ ಕುಳಿತು, ಧೋತರ ಸರಿಸಿ, ಮೊಂಡುಗಾಲು ಮುಂದೆ ಚಾಚಿದ. ಬಂದವರಿಗೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: "ನಾನೂ ಇದನ್ನ ಹಚ್ಚಿದ್ದೆ."

"ಏಳೋ! ಪೊಲೀಸರನ್ನ ಕರೀತೀನಿ," ಎಂದು ದೊಡ್ಡಬಸಪ್ಪ ಅಬ್ಬರಿಸಿದ.

"ಕರಿ. ಅವ್ರಿಗೂ ತೋರಸ್ತೀನಿ."

ಲಿಂಗಸುಗೂರಿನ ಬಸ್ಸಿಳಿದು ಬಂದ ಸಂಗಮ್ಮ ಆ ಮೆಟ್ಟಿಲ ಮೇಲೆಯೇ ಅವರ ಪಕ್ಕ ಕುಳಿತಳು. ಅಂಗಡಿಗೆ ಬಂದವರು ಕಾಲು ನೋಡಿ ಹಿಂದೆ ಸರಿದರು. ಸಂತೆ ಇನ್ನೂ ತುಂಬಿರುವಾಗಲೇ ದೊಡ್ಡಬಸಪ್ಪ ಬೈಯುತ್ತ ಬಾಗಿಲು ಎಳೆದುಕೊಂಡ.