ಒಂದೇ ರೆಕ್ಕೆಗೆ ಗಂಧ

ಭಾನುವಾರ ಬೆಳಿಗ್ಗೆ ಆರೂವರೆಗೆ ಕೊಟ್ಟೂರಿನ ಎಪಿಎಂಸಿ ಯಾರ್ಡಿನಲ್ಲಿ ಓಬಳೇಶನ ಹೆಲಿಕಾಪ್ಟರ್ ನೆಲಕ್ಕೆ ಬಿತ್ತು. ದೀಪಾವಳಿ ಅಮಾವಾಸ್ಯೆಯಿಂದ ಈಚೆಗೆ ಅದು ಬಿದ್ದದ್ದು ಇದು ಮೂರನೇ ಸಲ.

ಎತ್ತರದಿಂದೇನೂ ಬಿದ್ದಿರಲಿಲ್ಲ. ಎದೆಮಟ್ಟಕ್ಕೆ ಏರಿ ನಿಂತದ್ದು ಮೈಯೆಲ್ಲ ನಡುಗಿತು, ಬಾಲವನ್ನು ಒಮ್ಮೆಲೇ ಬೀಸಿತು, ಮೆಕ್ಕೆಜೋಳದ ಚೀಲ ಇಳಿಸುವ ಕಟ್ಟೆಯ ಅಂಚಿಗೆ ತಾಗಿ ಮಗುಚಿಕೊಂಡಿತು. ತೋಳುದ್ದದ ಬ್ಯಾಟರಿ ಯಂತ್ರ. ಅದರ ಎರಡು ರೆಕ್ಕೆಗಳಲ್ಲಿ ಒಂದು ನಡುವೆ ಮುರಿದು ದೂರ ಹೋಗಿ ಬಿದ್ದಿತ್ತು. ಗೆಳೆಯ ಅಮರೇಶ ಹೋಗಿ ಎಲ್ಲವನ್ನೂ ಆಯ್ದುಕೊಂಡು ಬಂದ. ಓಬಳೇಶ ಯಂತ್ರದ ಕಡೆ ನೋಡುತ್ತಿರಲಿಲ್ಲ. ರಿಮೋಟಿನ ಕಡ್ಡಿಯ ಮೇಲೆ ಇನ್ನೂ ಇದ್ದ ತನ್ನ ಬಲಗೈ ಹೆಬ್ಬೆರಳನ್ನು ನೋಡುತ್ತಿದ್ದ.

"ಮುಂದಿನ ಸಲ ನಾನೊಮ್ಮೆ ಹಾರಿಸ್ತೀನಿ, ಕೊಡೋ," ಎಂದ ಅಮರೇಶ.

"ಮಿಷನ್ನಿನಾಗ ದೋಷ ಐತಿ. ಮೊದಲು ಅದನ್ನ ಸರಿ ಮಾಡು," ಎಂದ ಓಬಳೇಶ. ರಿಮೋಟನ್ನು ಕೊಡಲಿಲ್ಲ.

ಇದು ಎರಡು ಸಾವಿರದ ಎಂಟನೇ ಇಸವಿಯ ಮಾತು. ಇಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅಮರೇಶನದು ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಓಬಳೇಶ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಹೆಲಿಕಾಪ್ಟರ್ ಇಬ್ಬರೂ ಸೇರಿ ಬೆಂಗಳೂರಿನಿಂದ ಕೊರಿಯರ್‌ನಲ್ಲಿ ತರಿಸಿದ್ದು. ಭಾನುವಾರ ಯಾರ್ಡಿನಲ್ಲಿ ವಹಿವಾಟು ಇರುವುದಿಲ್ಲ. ಗಾಳಿ ಏಳುವುದರೊಳಗೆ ಹಾರಿಸಿ, ಗಿರ್ಮಿಟ್ ತಿಂದು ಮನೆಗೆ ಹೋಗುವುದು ವಾಡಿಕೆ. ಅಮರೇಶ ಬಿಚ್ಚಿ ಜೋಡಿಸುವವ, ಓಬಳೇಶ ಹಾರಿಸುವವ. ಹಾಗೆಂದು ಯಾರೂ ಕೂತು ತೀರ್ಮಾನಿಸಿದ್ದಲ್ಲ. ಓಬಳೇಶನ ಕೈ ಅಂಥದ್ದಾಗಿತ್ತು.

ಆ ಕೈಗೆ ಊರಿನಲ್ಲಿ ಹೆಸರಿತ್ತು. ಉಜ್ಜಿನಿಯಿಂದ, ಚಿರಿಬಿಯಿಂದ ಬಂದವರು ರಕ್ತ ಕೊಡಲು ಕೂತಾಗ, ಉದ್ದನೆಯವನು ಅದಾನೇನು, ಅವನೇ ಸೂಜಿ ಹಾಕಲಿ ಎನ್ನುತ್ತಿದ್ದರು. ಕೂಸುಗಳ ಕೂದಲೆಳೆಯಂಥ ನರವೂ ಅವನಿಗೆ ಒಂದೇ ಸಲಕ್ಕೆ ಸಿಗುತ್ತಿತ್ತು. ಸಿಗುತ್ತಿತ್ತು ಎನ್ನಲು ಕಾರಣವಿದೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಮುದುಕಿಯೊಬ್ಬಳ ತೋಳಿನಲ್ಲಿ ಸೂಜಿ ಎರಡು ಸಲ ತಪ್ಪಿತು. ಮುದುಕಿ ತನ್ನ ನರವೇ ಸೊರಗಿದೆ ಎಂದು ತಾನೇ ಸಮಾಧಾನ ಹೇಳಿದಳು. ಓಬಳೇಶ ಮೂರನೇ ಸಲ ಪ್ರಯತ್ನಿಸದೆ ನರ್ಸನ್ನು ಕರೆದ.

ಅವನ ಅಪ್ಪ ಗಾದೆಪ್ಪ ಗೌಂಡಿಯಾಗಿದ್ದ. ಐವತ್ತರ ಹೊತ್ತಿಗೆ ಅವನ ಕೈ ನಡುಗತೊಡಗಿತು. ಅಪ್ಪ ಅದನ್ನು ಒಪ್ಪಿಕೊಂಡವನಲ್ಲ. ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು ಅಲುಗಿದರೆ ದಾರ ಹಳೆಯದಾಯಿತು ಎಂದು ದಾರ ಬದಲಿಸಿದ. ಆಮೇಲೆ ಗುಂಡು ಬದಲಿಸಿದ. ಕರಣಿಯ ಹಿಡಿ ಸರಿಯಿಲ್ಲ ಎಂದು ಬಡಿಗೇರರ ಮನೆಗೆ ಓಡಾಡಿದ. ಕೊನೆಕೊನೆಗೆ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅರ್ಧ ಅಂಗಿಯ ಮೇಲೆ ಇರುತ್ತಿತ್ತು. ಓಬಳೇಶನಿಗೆ ಈಗ ನಲವತ್ತೆಂಟು. ಅಮರೇಶನಿಗೆ ರಿಮೋಟ್ ಕೊಡದಿರುವುದಕ್ಕೆ ಕಾರಣ ಇಷ್ಟೇ: ಅವನ ಕೈಯಲ್ಲಿ ಯಂತ್ರ ನಡುಗದೆ ನಿಂತುಬಿಟ್ಟರೆ?

ಮೊದಲ ಸಲ ಬಿದ್ದಾಗ ರೆಕ್ಕೆಗಳನ್ನು ಹಿಡಿಯುವ ಪ್ಲಾಸ್ಟಿಕ್ ತಲೆ ತೆಗೆದು ಅಲ್ಯೂಮಿನಿಯಂನದು ಹಾಕಿದ್ದರು. ಎರಡನೇ ಸಲ ಬಿದ್ದಾಗ ಬಾಲ ತಿರುಗದಂತೆ ತಡೆಯುವ ಗೈರೊ ಹೊಸದು ಬಂತು, ಮೋಟಾರೂ ಬದಲಾಯಿತು. ಈಗ ಮರದ ರೆಕ್ಕೆ ಹೋಗಿ ಫೈಬರಿನವು ಬಂದವು. ಭಾನುವಾರ ಮಧ್ಯಾಹ್ನ ಅಮರೇಶ ಎರಡೂ ರೆಕ್ಕೆಗಳನ್ನು ಒಂದು ಮೊಳೆಗೆ ತಕ್ಕಡಿಯಂತೆ ತೂಗುಹಾಕಿ, ಹಗುರಾದದ್ದಕ್ಕೆ ಉಗುರಗಲದ ಟೇಪು ಅಂಟಿಸಿ ಸಮ ಮಾಡಿದ. ಇನ್ನು ನಡುಗಿದರೆ ಇದನ್ನು ಹಗರಿ ಹೊಳೆಗೆ ಬಿಡೋಣ ಎಂದು ನಗುತ್ತ ಕೊಟ್ಟ. ಓಬಳೇಶ ಅದನ್ನು ಬೈಕಿನ ಮುಂದೆ ಇಟ್ಟುಕೊಂಡು ಮನೆಗೆ ತಂದ.

ಸೋಮವಾರ ಹನ್ನೊಂದರ ಸುಮಾರಿಗೆ ಲ್ಯಾಬಿನಲ್ಲಿ ಅವನು ರಕ್ತದ ಟ್ಯೂಬೊಂದನ್ನು ಸೆಂಟ್ರಿಫ್ಯೂಜಿಗೆ ಇಳಿಸಿದ. ರಕ್ತವನ್ನು ಗರಗರ ತಿರುಗಿಸಿ ತಿಳಿ ಬೇರೆ ಮಾಡುವ ಯಂತ್ರ ಅದು. ಒಂದೇ ಕಡೆ ಭಾರವಿದ್ದರೆ ಮೇಜಿನ ಸಮೇತ ಕುಣಿಯುತ್ತದೆ. ಅದಕ್ಕಾಗಿ ಎದುರಿನ ಗುಳಿಯಲ್ಲಿ ಅಷ್ಟೇ ಮಟ್ಟಕ್ಕೆ ನೀರು ತುಂಬಿದ ಟ್ಯೂಬು ಇಡಬೇಕು. ಇಪ್ಪತ್ತು ವರ್ಷದಿಂದ ಯೋಚಿಸದೆ ಮಾಡಿಕೊಂಡು ಬಂದ ಕೆಲಸ. ನೀರಿನ ಟ್ಯೂಬು ಇಟ್ಟು ಮುಚ್ಚಳ ಹಾಕಿದ. ಮುಚ್ಚಳದ ಮೇಲೆ ಆಯುಧಪೂಜೆಯಲ್ಲಿ ಹಚ್ಚಿದ್ದ ಗಂಧ ಕುಂಕುಮ ಇನ್ನೂ ಇತ್ತು. ಅದರ ಪಕ್ಕದ ಸೂಕ್ಷ್ಮದರ್ಶಕದ ಮೇಲೆ, ಫ್ರಿಜ್ಜಿನ ಬಾಗಿಲ ಮೇಲೆ, ಎಲ್ಲ ಕಡೆಯೂ ಇತ್ತು. ಸ್ವಿಚ್ ಒತ್ತಲು ಹೋದ ಕೈ ಅಲ್ಲಿಯೇ ನಿಂತಿತು.

ಊಟದ ಹೊತ್ತಿಗೆ ಕಾಯದೆ ಮನೆಗೆ ಹೋದ.

ಹೆಲಿಕಾಪ್ಟರ್ ಪಡಸಾಲೆಯ ಕಪಾಟಿನ ಮೇಲಿತ್ತು. ಹೊರಗಿನ ರೆಕ್ಕೆಯ ತುದಿಯ ಹತ್ತಿರ ಗಂಧದ ಮೂರು ದಪ್ಪ ಗೆರೆ, ನಡುವೆ ಕುಂಕುಮ. ಒಣಗಿ ಫೈಬರಿಗೆ ಗಟ್ಟಿಯಾಗಿ ಕಚ್ಚಿಕೊಂಡಿದ್ದವು. ಗೋಡೆಯ ಕಡೆಗಿದ್ದ ರೆಕ್ಕೆ ಖಾಲಿ. ಅಂಗಡಿಯಲ್ಲಿ ಉಗುರಗಲದ ಟೇಪಿನಿಂದ ಮಾಡಿದ ಲೆಕ್ಕವೆಲ್ಲ ಇಲ್ಲಿ ಕೆಟ್ಟಿತ್ತು.

ಹೆಂಡತಿ ಕನಕಮ್ಮ ಅಂಗನವಾಡಿಯಿಂದ ಆಗಷ್ಟೇ ಬಂದಿದ್ದಳು. ಇದನ್ನು ಯಾವಾಗಿನಿಂದ ಹಚ್ಚುತ್ತಿದ್ದಾಳೆ ಎಂದು ಗಂಡ ಕೇಳಿದ್ದಕ್ಕೆ, ದೀಪಾವಳಿ ಅಮಾವಾಸ್ಯೆಗೆ ಬೈಕಿಗೆ ಹಚ್ಚಿದಾಗ ಇದಕ್ಕೂ ಹಚ್ಚಿದೆ ಎಂದಳು. ಆಮೇಲೆ ಹೊಸ ಸಾಮಾನು ಹಾಕಿದಾಗಲೆಲ್ಲ ಹಚ್ಚಿದ್ದಳು. ಹೊಸದಕ್ಕೆ ಗಂಧ ಹಚ್ಚದೆ ಮನೆಯಿಂದ ಹೊರಗೆ ಕಳಿಸುವುದು ಹೇಗೆ? ಎರಡೂ ರೆಕ್ಕೆಗೆ ಯಾಕೆ ಹಚ್ಚಲಿಲ್ಲ ಎಂಬ ಪ್ರಶ್ನೆ ಅವಳಿಗೆ ವಿಚಿತ್ರವಾಗಿ ಕಂಡಿತು. ಬೈಕಿನ ಎರಡೂ ಗಾಲಿಗೆ ಯಾರಾದರೂ ಹಚ್ಚುತ್ತಾರೆಯೇ?

ಓಬಳೇಶನಿಗೆ ನಗು ಬಂತು. ಇಷ್ಟು ದಿನ ಅವನೂ ಅಮರೇಶನೂ ಆ ಗೆರೆಗಳನ್ನು ನೋಡುತ್ತಲೇ ಇದ್ದರು. ಅಮರೇಶನ ಅಂಗಡಿಯ ಷಟರಿನ ಮೇಲೂ ಬೆಸುಗೆ ಕಡ್ಡಿಯ ಮೇಲೂ ವಿಭೂತಿ ಇರುತ್ತದೆ. ಎಲ್ಲ ಕಡೆ ಇರುವುದು ಕಣ್ಣಿಗೆ ಬಿದ್ದರೂ ಕಂಡಿರಲಿಲ್ಲ. ಕುರ್ಚಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪನ ಹೆಸರು ತೆಗೆದು, ಮುದುಕಿಯ ಸಂಗತಿ ಹೇಳಿ, ತನಗಾಗಿದ್ದ ಹೆದರಿಕೆಯನ್ನೆಲ್ಲ ಅವಳ ಮುಂದೆ ಸುರಿದ. ಎಲ್ಲ ಗಂಧದ ಕೆಲಸ ಎಂದ.

ಕನಕಮ್ಮ ನಗಲಿಲ್ಲ.

"ಕೈಗೆ ಹಚ್ಚಾಕ ಬಂದ್ರ ನೀವು ಬಿಡಂಗಿಲ್ಲ," ಎಂದಳು. "ಅದಕ್ಕ ನಿಮ್ಮ ಕೈಯಾಗ ಇರಾದಕ್ಕ ಹಚ್ಚಿದೆ. ನೀವು ಚಾದ ಬಟ್ಲ ಎಡಗೈಗೆ ಬದಲಿಸಾದು ನಾನೂ ನೋಡೀನ್ರಿ."

ಅವನು ಎದ್ದು, ಒದ್ದೆ ಬಟ್ಟೆ ತಂದು ರೆಕ್ಕೆ ಒರೆಸಿದ. ಗಂಧ ಬೇಗ ಬಿಡಲಿಲ್ಲ. ಅವಳು ಅಡ್ಡ ಬರಲಿಲ್ಲ, ಅಡುಗೆಮನೆಗೆ ಹೋಗಿ ರೊಟ್ಟಿಗೆ ಹಂಚು ಇಟ್ಟಳು.

ಮುಂದಿನ ಭಾನುವಾರ ಯಾರ್ಡಿನಲ್ಲಿ ಗಾಳಿ ಇರಲಿಲ್ಲ. ಗಂಧದ ಸಂಗತಿ ಕೇಳಿ ಅಮರೇಶ ಹಣೆ ಚಚ್ಚಿಕೊಂಡು, ನಿನಗಿಂತ ದೊಡ್ಡ ಕತ್ತೆ ನಾನು, ತೂಕ ಮಾಡಿದವ ನಾನಲ್ಲವೇ ಎಂದು ನಕ್ಕಿದ್ದ. ಹೆಲಿಕಾಪ್ಟರ್ ಎದ್ದಿತು. ಹಿಂದಿದ್ದ ಗುರುಗುಡುವ ನಡುಕ ಇಲ್ಲವೇ ಇಲ್ಲ. ರೆಕ್ಕೆಗಳ ಸದ್ದು ಒಂದೇ ಸಮ, ಗೈರೊ ಬಾಲವನ್ನು ಅಲ್ಲಾಡಲು ಬಿಡಲಿಲ್ಲ. ಹೊಸ ತಲೆ, ಹೊಸ ಮೋಟಾರು, ಹೊಸ ರೆಕ್ಕೆ ಎಲ್ಲ ತಮ್ಮ ತಮ್ಮ ಕೆಲಸ ಮಾಡುತ್ತಿದ್ದವು. ಓಬಳೇಶ ಅದನ್ನು ಕಟ್ಟೆಯ ಉದ್ದಕ್ಕೆ ನಡೆಸಿ, ತಿರುಗಿಸಿ, ತನ್ನೆದುರು ತಂದು ನಿಲ್ಲಿಸಿದ.

ಆಗ ಅದು ಕಂಡಿತು. ನಿಂತ ಯಂತ್ರ ಮೂಗನ್ನು ಸಣ್ಣಗೆ ತಗ್ಗಿಸಿತು, ಎತ್ತಿತು, ಮತ್ತೆ ತಗ್ಗಿಸಿತು. ಯಾರಿಗೋ ಹೂಂಗುಟ್ಟುತ್ತಿರುವಂತೆ, ನಿಧಾನಕ್ಕೆ, ಬಿಡದೆ. ಇದು ರೆಕ್ಕೆಯ ನಡುಕವಲ್ಲ. ಅದು ಇಷ್ಟು ನಿಧಾನವಿರುವುದಿಲ್ಲ. ಹಿಂದೆ ದೊಡ್ಡ ನಡುಕದೊಳಗೆ ಇದು ಅಡಗಿತ್ತು. ಯಂತ್ರದ ದೋಷವೆಲ್ಲ ತೀರಿದ ಮೇಲೆ ಉಳಿದದ್ದು ಇದೊಂದೇ.

ಓಬಳೇಶ ಕಡ್ಡಿಗಳಿಂದ ಬೆರಳು ತೆಗೆಯದೆ ಪಕ್ಕಕ್ಕೆ ಸರಿದ.

"ಹಿಡಿಯೋ," ಎಂದ.

ಅಮರೇಶ ಅವನ ಮುಖ ನೋಡಿದ. ಆಮೇಲೆ ಒಂದೊಂದೇ ಬೆರಳು ಅದಲುಬದಲಾಗಿ ರಿಮೋಟ್ ಕೈ ದಾಟಿತು. ಹೆಲಿಕಾಪ್ಟರ್ ಒಮ್ಮೆ ಓಲಾಡಿ, ಮೊಳೆ ಹೊಡೆದಂತೆ ನಿಂತಿತು. ಹೂಂಗುಟ್ಟುವುದು ನಿಂತಿತು.

"ಮಿಷನ್ ಚಲೋ ಆಗೈತಿ," ಎಂದ ಓಬಳೇಶ.

ಅಮರೇಶನಿಗೆ ತಡೆಯಲಾಗಲಿಲ್ಲ. "ರಿಮೋಟಿನಾಗ ಒಂದು ಸೆಟ್ಟಿಂಗ್ ಐತಿ. ಅದನ್ನ ಮಾಡಿಕೊಟ್ರ ಕೈ ಸಣ್ಣಗ ಅಲುಗಿದ್ರೂ ಅದಕ್ಕ ಗೊತ್ತಾಗಂಗಿಲ್ಲ. ಇವತ್ತ ಮಾಡಿಕೊಡ್ತೀನಿ ತಗೋ."

"ಮಾಡು," ಎಂದ ಓಬಳೇಶ. ಸ್ವಲ್ಪ ಬಿಟ್ಟು, "ಸೂಜಿಗೆ ಅಂಥದ್ದು ಇಲ್ಲಲ್ಲೋ," ಎಂದ.

ಬ್ಯಾಟರಿ ಮುಗಿಯುತ್ತ ಬಂದಿತ್ತು. ಇಳಿಸುವಾಗ ಓಬಳೇಶ ರಿಮೋಟನ್ನು ವಾಪಸ್ ಇಸಿದುಕೊಂಡ. ಯಂತ್ರ ಮತ್ತೆ ಹೂಂಗುಟ್ಟುತ್ತ, ಹೂಂಗುಟ್ಟುತ್ತಲೇ ಕೆಳಗಿಳಿದು, ಕಟ್ಟೆಯ ಸಿಮೆಂಟಿನ ಮೇಲೆ ಎರಡೂ ಕಾಲೂರಿ ಕೂತಿತು. ಬೀಳಲಿಲ್ಲ. ಅಂದು ಗಿರ್ಮಿಟ್ ತಿನ್ನುವಾಗ ಓಬಳೇಶ ಚಹಾದ ಬಟ್ಟಲನ್ನು ಎಡಗೈಗೆ ಬದಲಿಸದೆ ಬಲಗೈಯಲ್ಲೇ ಹಿಡಿದಿದ್ದ. ಸ್ವಲ್ಪ ಚೆಲ್ಲಿತು.

ಸೋಮವಾರ ಅವನು ವೈದ್ಯಾಧಿಕಾರಿಗೆ ರಜೆ ಚೀಟಿ ಕೊಟ್ಟ. ತಾನು ಬರುವ ತನಕ ರಕ್ತ ತೆಗೆಯುವ ಕೆಲಸ ನರ್ಸ್ ನೋಡಿಕೊಳ್ಳಲಿ, ಬಂದ ಮೇಲೆಯೂ ಸ್ವಲ್ಪ ದಿನ ಅವರೇ ನೋಡಿಕೊಳ್ಳಲಿ, ತಾನು ಪರೀಕ್ಷೆ ಮಾಡಿಕೊಡುತ್ತೇನೆ ಎಂದು ಹೇಳಿ ಬಂದ. ಮಂಗಳವಾರ ಬೆಳಿಗ್ಗೆ ಕನಕಮ್ಮ ದೇವರ ಜಗಲಿಯ ಮುಂದೆ ಗಂಧ ತೇಯುತ್ತಿದ್ದಾಗ, ಕೇಳದೆಯೇ ಬಲಗೈ ಚಾಚಿದ. ಅವಳು ಮಣಿಕಟ್ಟಿಗೆ ಹಚ್ಚಿದಳು.

ಏಳೂವರೆಯ ಬಸ್ಸಿಗೆ ಇಬ್ಬರೂ ದಾವಣಗೆರೆಗೆ ನರದ ಡಾಕ್ಟರ ಹತ್ತಿರ ಹೋದರು.