ಬಾಳಕ್ಕನ ಬೆನ್ನ ಮೇಲಿನ ಪರೀಕ್ಷೆ

"ನನ್ನ ಬೆನ್ನಾಗ ಕುಂಬಳಕಾಯಿಯಷ್ಟ ಗಂಟಿತ್ರಿ! ಅದರ ಮ್ಯಾಲ ಕೈ ಆಡಿಸಿನಽ ಕೊಲ್ಹಾಪುರದಾಗ ಒಬ್ಬಾವ ದೊಡ್ಡ ಡಾಕ್ಟರ ಆದ. ಅಂವನ್ನ ತಯಾರ ಮಾಡಿದಾಕಿ ನಾನಽ!" ಎಂದು ಗಡಹಿಂಗ್ಲಜದ ಬಾಳಕ್ಕ ಕಟ್ಟೆಯ ಮೇಲೆ ಕೂತು ಜಂಬ ಕೊಚ್ಚುತ್ತಿದ್ದಳು. ಕೇಳಿದವರು ಮುಖ ಮುಖ ನೋಡಿಕೊಂಡರೆ, "ಆತು ಬಿಡ್ರಿ, ಅರ್ಧಾ ಸುಳ್ಳ ಐತಿ. ಯಾವ ಅರ್ಧಾ ಅಂತ ಮಾತ್ರ ಕೇಳಬ್ಯಾಡ್ರಿ," ಎಂದು ತಾನೇ ಒಪ್ಪಿಬಿಡುತ್ತಿದ್ದಳು.

ಅದು ಮೂವತ್ತೆಂಟನೆಯ ಇಸವಿ. ಕೊಲ್ಹಾಪುರದ ಒಂದು ಆಸ್ಪತ್ರೆಯ ಮಹಡಿಯಲ್ಲಿ ಬಾಳಕ್ಕ ಮೇಜಿನ ಮೇಲೆ ಬೋರಲು ಮಲಗಿದ್ದಳು. ಕುಂಬಳಕಾಯಿ ಅಲ್ಲಿ ನಿಂಬೆಹಣ್ಣಾಗಿತ್ತು. ನೋವು ತಿಳಿಯದ ಹಾಗೆ ಸೂಜಿ ಚುಚ್ಚಿಯಾಗಿತ್ತು. ಬೆನ್ನು ಮರಗಟ್ಟಿದ್ದರೂ ಕಿವಿ ಮಾತ್ರ ಚುರುಕಾಗಿಯೇ ಇದ್ದವು. ಒಂದು ಬದಿಗೆ ಹಿರಿಯ ಡಾಕ್ಟರು ರಾವಸಾಹೇಬರು. ಕುರುಂದವಾಡದವರು, ಕನ್ನಡ ಮರಾಠಿ ಎರಡೂ ಬಲ್ಲವರು. ಇನ್ನೊಂದು ಬದಿಗೆ ಚಾಕು ಹಿಡಿದ, ಇನ್ನೂ ಕಲಿಯುತ್ತಿದ್ದ ಡಾಕ್ಟರು ಜಿನದತ್ತ. ಪುಣೆ ಕಡೆಯ ಹುಡುಗ, ಕನ್ನಡದ ಗಂಧಗಾಳಿ ಇಲ್ಲ.

ಗಡಿಯೂರಿನ ಬಾಳಕ್ಕನಿಗೂ ಮರಾಠಿ ಬರುತ್ತಿತ್ತು; ರಾವಸಾಹೇಬರು ಹುಡುಗನಿಗೆ ಮರಾಠಿಯಲ್ಲಿ ಹೇಳಿದ್ದನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡಳು: ಹೋದ ಸಲ ರೋಗಿ ಅಯ್ಯೋ ಅಂದದ್ದಕ್ಕೆ ಚಾಕು ಬಿಸಾಕಿ ಓಡಿದ್ದಿ. ಇವತ್ತು ನಾನು ಬಾಯಿ ತೆರೆಯುವುದಿಲ್ಲ, ಕೈ ಹಚ್ಚುವುದಿಲ್ಲ. ಇವತ್ತೂ ಓಡಿದರೆ ಕೆಳಗೆ ಪಟ್ಟಿ ಕಟ್ಟುವ ಕೋಣೆಯೇ ಗತಿ, ಈ ಮಹಡಿ ಮತ್ತೆ ಹತ್ತಬೇಡ.

ಬಾಳಕ್ಕನಿಗೆ ಹುಡುಗನ ಮೇಲೆ ಕನಿಕರ ಬಂತು. ಜೊತೆಗೆ ಸಿಟ್ಟೂ ಇತ್ತು. ಬೆಳಗಿನಿಂದ ಅವನು "ಆಜಿ, ಆಜಿ" ಎಂದು ಕರೆದು ಆಕೆಯನ್ನು ಮುದುಕಿ ಮಾಡಿಟ್ಟಿದ್ದ. ಆಕೆಗಿನ್ನೂ ಅರವತ್ತು ತುಂಬಿರಲಿಲ್ಲ, ತುಂಬಿದ್ದರೂ ಹೇಳುವವಳಲ್ಲ.

ಚಾಕು ಇಳಿಯಿತು. ಗಂಟು ಅರ್ಧ ಬಿಡಿಸಿಕೊಂಡಿತು. ಹುಡುಗ ಅದರ ಮೇಲ್ತುದಿಗೆ ಕೈ ಹಾಕಿದ್ದೇ ತಡ, ಸೂಜಿಯ ಮದ್ದು ಮುಟ್ಟದ ಜಾಗ ಧಗ್ಗೆಂದಿತು. ಮೇಲುಗಡೆ ನೋಯುತ್ತಿದೆ ಎನ್ನಲು ಬಾಳಕ್ಕ "ಮ್ಯಾಲೆ!" ಎಂದು ಚೀರಿದಳು. ಮುಖ ದಿಂಬಿನಲ್ಲಿ ಹುಗಿದಿತ್ತಲ್ಲ, ಹೊರಗೆ ಬಂದದ್ದು "ಮೇಲೆ! ಮೇಲೆ!"

ಮರಾಠಿಯಲ್ಲಿ ಹೆಂಗಸೊಬ್ಬಳು "ಮೇಲೆ" ಅಂದರೆ "ಸತ್ತೆ" ಎಂದರ್ಥ.

ಜಿನದತ್ತ ಸುಣ್ಣದ ಗೋಡೆಯಾದ. ಅವನ ಒಂದು ಕಾಲು ಬಾಗಿಲ ಕಡೆ ತಿರುಗಿತು. ರಾವಸಾಹೇಬರು ಕೈ ಹಿಂದೆ ಕಟ್ಟಿ, ಬಾಯಿ ಬಿಗಿದು ನಿಂತರು. ಕಾಲು ಅಲ್ಲೇ ತಡೆಯಿತು, ಮೆಲ್ಲಗೆ ಹಿಂದಕ್ಕೆ ಬಂತು. ಹುಡುಗ ಬಾಳಕ್ಕನ ಮಣಿಕಟ್ಟು ಹಿಡಿದು ನೋಡಿದ. ನಾಡಿ ಪನ್ಹಾಳದ ಕುದುರೆಯ ಹಾಗೆ ಓಡುತ್ತಿತ್ತು. ಆಕೆಯ ಕಿವಿಯ ಹತ್ತಿರ ಬಗ್ಗಿದ.

"ಆಜಿ, ಮೇಲಾತ ತರ ಬೋಲತಾ ಕಶಾ?"

ಸತ್ತಿದ್ದರೆ ಮಾತಾಡುವುದು ಹೇಗೆ ಎಂಬ ಆ ಪ್ರಶ್ನೆಗೆ ಬಾಳಕ್ಕ ನಕ್ಕಳು ನೋಡಿ! ಮೇಜು ಕುಣಿಯಿತು, ಬಟ್ಟಲು ಗಲಗಲ ಅಂದವು, ರಂಕಾಳ ಕೆರೆಯ ನೀರೂ ತುಳುಕಿತಂತೆ.

"ವರ, ಬಾಳಾ! ವರ ದುಖತಂಯ!" ಎಂದು ಮರಾಠಿಯಲ್ಲೇ ಮೇಲುಗಡೆಯ ನೋವನ್ನು ತಿಳಿಸಿ ಹೇಳಿದಳು.

ಹುಡುಗ ನಗು ನಿಲ್ಲುವ ತನಕ ಕಾದ. ಮೇಲುಗಡೆ ಇನ್ನೊಂದು ಸೂಜಿ ಚುಚ್ಚಿದ, ಮರಗಟ್ಟುವ ತನಕ ಮತ್ತೆ ಕಾದ. ಅಲ್ಲೇ ಅಡಗಿ ಕೂತಿದ್ದ ಗಂಟಿನ ಬೇರನ್ನೂ ಬಿಡದೆ ತೆಗೆದು ಹೊಲಿಗೆ ಹಾಕಿದ.

ಆಗ ರಾವಸಾಹೇಬರು ಬಾಯಿ ತೆರೆದರು, ಅದೂ ಹುಡುಗನಿಗೆ ತಿಳಿಯದಿರಲೆಂದು ಕನ್ನಡದಲ್ಲಿ: "ಬಾಳಕ್ಕಾರ, ಇಂವಾ ಹೆಂಗ ಮಾಡ್ಯಾನ ನೀವಽ ಹೇಳ್ರಿ. ಕೆಳಗ ಕಳಸಲ್ಯೋ, ಮ್ಯಾಲೆ ಇಟ್ಕೊಳ್ಳಲ್ಯೋ?"

ಬಾಳಕ್ಕ ವಾರೆಗಣ್ಣಿನಿಂದ ನೋಡಿದಳು. ಹುಡುಗನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಪಾಪ ಅನ್ನಿಸಿತು. ಅಷ್ಟರಲ್ಲಿ ಅವನು ಮತ್ತೆ ಹೆದರುತ್ತ ಕೇಳಿದ: "ಆಜಿ?"

ಮತ್ತದೇ ಆಜಿ!

"ಮೇಲೆ," ಎಂದು ಬಾಳಕ್ಕ ಕಣ್ಣು ಮುಚ್ಚಿದಳು.

ರಾವಸಾಹೇಬರು ಹೊಟ್ಟೆ ಹಿಡಿದು ನಕ್ಕರು. ಜಿನದತ್ತ ಚೀರಿ, ನಾಡಿ ನೋಡಲು ಆಕೆಯ ಮಣಿಕಟ್ಟು ಹಿಡಿದ.

"ಮುಂದ ಏನಾತವಾ?" ಎಂದು ಕಟ್ಟೆಯ ಹೆಂಗಸರು ಕೇಳಿದರೆ ಬಾಳಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

"ಮದಲ ನೀವಽ ಹೇಳ್ರಿ ನೋಡೂಣು, ಆ ಮಾತ ನಾ ಕನ್ನಡದಾಗ ಅಂದ್ನ್ಯೋ, ಮರಾಠ್ಯಾಗ ಅಂದ್ನ್ಯೋ?"